ಮಿರಾನ್ ಎಂದು ಕರೆದಾಗ

ಹಾಫ್‌ಮನ್ ಎಸ್ಟೇಟ್ಸ್, ಶಿಕಾಗೋ ಹತ್ತಿರ
ಫೆಬ್ರವರಿ 9, ಸೋಮವಾರ

ಪ್ರೀತಿಯ ಅವ್ವಾ,

ಫೋನಿನಲ್ಲಿ ನೀನು ‘ಉಂಡ್ಯಾ?’ ಎಂಬುದರಿಂದ ಮುಂದೆ ಹೋಗುವುದಿಲ್ಲ, ನಾನು ‘ಹ್ಞೂಂ’ ಎಂಬುದರಿಂದ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ನಗು, ಕನ್ನಡ ಕಲಿಸಿದವಳು ನೀನೇ.

ಹೈಸ್ಕೂಲು ಮುಗಿಸಲು ಮತ್ತೆ ಹೋಗುತ್ತೇನೆ ಎಂದು ಬರೆದರೆ ನಿನಗೆ ಸಮಾಧಾನವಾಗುತ್ತದೆ. ಹೋಗುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಕೊರಿಯಾದ ಗಂಡ ಹೆಂಡತಿಯ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತೇನೆ, ಅವರ ಮನೆಯ ಬೇಸ್‌ಮೆಂಟಿನಲ್ಲೇ ಇರುತ್ತೇನೆ. ಇಬ್ಬರೂ ದಿನವಿಡೀ ನಿಂತೇ ದುಡಿಯುತ್ತಾರೆ. ಮನೆಗೆ ಬಂದ ಮೇಲೆ ಅಂಕಲ್ ಕೂರುತ್ತಾರೆ, ಆಂಟಿ ನಿಂತೇ ಇರುತ್ತಾರೆ. ಅಂಕಲ್ ಉಂಡ ಮೇಲೆ ಆಂಟಿಯ ಊಟ. ನಮ್ಮ ಮನೆಯೇ, ಸಾರಿನ ವಾಸನೆ ಮಾತ್ರ ಬೇರೆ.

ಕೊರಿಯಾದವರಲ್ಲಿ ತಾಯಂದಿರನ್ನು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ. ಈ ಆಂಟಿ ಎಲ್ಲರಿಗೂ ‘ಮಿನ್ಹೊ ಒಮ್ಮಾ’, ಮಿನ್ಹೊನ ಅಮ್ಮ. ಮಿನ್ಹೊ ಓದು ಮುಗಿಸಿ ಸಿಯಾಟಲ್ ಸೇರಿದ್ದಾನೆ, ಫೋನ್ ಮಾಡುವುದು ಅಪರೂಪ. ಅವನ ಹೆಸರು ಮಾತ್ರ ಇಲ್ಲೇ ಉಳಿದಿದೆ.

ಕಳೆದ ವಾರ ಆಂಟಿಗೆ ಡ್ರೈವಿಂಗ್ ಟೆಸ್ಟ್ ಇತ್ತು. ‘ನಾನಿರುವಾಗ ನಿನಗೆ ಕಾರು ಯಾಕೆ’ ಎಂದು ಅಂಕಲ್ ಗೊಣಗಿದ್ದರಿಂದ ನಾನೇ ಕರೆದುಕೊಂಡು ಹೋದೆ. ಟೆಸ್ಟ್ ಆಫೀಸಿನ ಒಳಗಿನಿಂದ ಒಬ್ಬಳು ಬಂದು ‘ಮಿರಾನ್ ಯೂನ್’ ಎಂದು ಕೂಗಿದಳು. ಮತ್ತೆ ಕೂಗಿದಳು. ಯಾರೂ ಏಳಲಿಲ್ಲ. ಆಂಟಿ ಸುತ್ತ ನೋಡುತ್ತಾ, ‘ಪಾಪ, ಯಾರೋ ಟೆಸ್ಟ್ ತಪ್ಪಿಸ್ಕೊಂಡ್ರು’ ಅಂದರು. ಆಂಟಿಯ ಕೈಯಲ್ಲಿದ್ದ ಕಾಗದದಲ್ಲಿ ಅದೇ ಹೆಸರಿತ್ತು, ನಾನೇ ಎಬ್ಬಿಸಿ ಕಳಿಸಿದೆ.

ಪಾಸಾದರು. ವಾಪಸು ಬರುವಾಗ, ‘ನಿಮ್ಮಮ್ಮನ ಹೆಸರೇನೇ?’ ಎಂದು ಕೇಳಿದರು. ‘ಸರಳಾ’ ಅಂದೆ. ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಹಿರಿಯಳು ನಾನಾದರೂ ತಮ್ಮನ ಹೆಸರಿನಿಂದ ನೀನು ಎಲ್ಲರಿಗೂ ‘ಬಸವನ ಅವ್ವ’. ಅಪ್ಪನಿಗೆ ಬರೀ ‘ಏ, ಇಲ್ಲಿ ಬಾ’.

ನೀನೊಮ್ಮೆ ಇಲ್ಲಿಗೆ ಬಾ. ನನಗೆ ಬಹಳ ಬೇಸರ, ಅವ್ವಾ. ಇಲ್ಲಿ ನನ್ನನ್ನು ಕೇಳುವವರು ಯಾರೂ ಇಲ್ಲ. ಅದೇ ಬೇಕೆಂದು ಬಂದವಳೂ ನಾನೇ. ‘ಸಾಲಿ ಬಿಟ್ಟ ಮಗಳ ಕಡೆ ಏನ್ ಹೋಗ್ತಿ’ ಎಂದು ಅಪ್ಪ ಅನ್ನುತ್ತಾರೆ, ಗೊತ್ತು. 22ರ ಭಾನುವಾರ ನಿಮ್ಮ ಡೆಟ್ರಾಯಿಟ್‌ನಿಂದ ಶಿಕಾಗೋಗೆ ಬೆಳಗಿನ ಬಸ್ಸಿದೆ. ಪಕ್ಕದ ಮನೆಯ ರೇಣು ಆಂಟಿ ನಿನ್ನನ್ನು ಬಸ್ಸಿಗೆ ಬಿಡುತ್ತಾರಂತೆ, ಕೇಳಿದ್ದೇನೆ. ಟಿಕೆಟ್ ಈ ಪತ್ರದ ಜೊತೆಗಿದೆ. ಏನೂ ಮಾಡಿಕೊಂಡು ಬರಬೇಡ, ಶೇಂಗಾ ಚಟ್ನಿಯೂ ಬೇಡ. ಅನ್ನ ನಾನು ಮಾಡುತ್ತೇನೆ, ಮುದ್ದೆಯಾದರೂ ಆಗಬಹುದು. ನೀನು ಕೂತು ಉಣ್ಣು, ನಾನು ಬಡಿಸುತ್ತೇನೆ.

ನಿನ್ನ ಹಟಮಾರಿ
ಇಳಾ

ತಾ.ಕ.: ಅಪ್ಪಾ, ಟಪಾಲು ಪೆಟ್ಟಿಗೆಯ ಕೀಲಿ ನಿಮ್ಮ ಹತ್ತಿರ ಇರುತ್ತದೆ, ಅವ್ವನಿಗೆ ಬಂದದ್ದನ್ನೂ ನೀವೇ ಮೊದಲು ಒಡೆಯುತ್ತೀರಿ. ಓದಿದ ಮೇಲೆ ಟಿಕೆಟ್ ಸಮೇತ ಅವಳಿಗೆ ಕೊಡಿ. ಕೊಡದಿದ್ದರೂ ಭಾನುವಾರ ನಾನು ಬಸ್ ಸ್ಟಾಪಿನಲ್ಲಿ ನಿಂತಿರುತ್ತೇನೆ. ನಿಮ್ಮನ್ನೂ ಕರೆಯಬೇಕು ಅನ್ನಿಸುತ್ತದೆ. ಆದರೆ ನೀವು ಬಂದರೆ ಅವ್ವ ಬಡಿಸಲು ಎದ್ದು ನಿಲ್ಲುತ್ತಾಳೆ.