ವಲಸೆ ಎಂದು ಬರೆದದ್ದು

೨೦ ಫೆಬ್ರವರಿ ೨೦೨೪, ಮಂಗಳವಾರ

ಆ ಪದ ತಲೆಯಿಂದ ಹೋಗುತ್ತಿಲ್ಲ. ಬೆಳಿಗ್ಗೆ ಮೊಮ್ಮಗಳು ಮಧುಶ್ರೀ ಪರೀಕ್ಷೆಗೆಂದು ಭೂಗೋಳ ಓದುತ್ತಿದ್ದಳು. ಜನ ಒಳ್ಳೆಯ ಬದುಕು ಹುಡುಕಿಕೊಂಡು ತಾವಾಗಿಯೇ ಊರು ಬಿಟ್ಟರೆ ವಲಸೆಯಂತೆ. ಹೊರಗೆ ದಬ್ಬಿದರೆ ಬಲವಂತದ ಸ್ಥಳಾಂತರವಂತೆ.

“ಇನ್ನೊಂದ್ಸಲ ಓದವ್ವ” ಎಂದೆ.

“ಯಾಕ್ ತಾತ, ನೀನೂ ಪರೀಕ್ಸೆ ಬರೀತೀಯಾ?” ಎಂದು ನಕ್ಕಳು.

ನಾನು ಬರೆದಾಗಿದೆ. ಕಾಕನಕೋಟೆ ಕಾಡಿನೊಳಗಿದ್ದ ನಮ್ಮ ಬುಡಕಟ್ಟಿನವರ ಹಳೇ ಹಾಡಿಯ ಹಕ್ಕು ಕೇಳಿ, ಅಷ್ಟೂ ಮನೆಯವರ ಅರ್ಜಿ ತುಂಬಿದವನು ನಾನೇ. ಕಾಡು ಬಿಟ್ಟ ಕಾರಣ ಎಂದಿದ್ದ ಕಡೆಯಲ್ಲೆಲ್ಲ ‘ವಲಸೆ’ ಎಂದು ಬರೆದೆ. ಪೇಪರು ಓದಿ ಕಲಿತ ಪದ, ಬರೆಯುವಾಗ ಹೆಮ್ಮೆಯಾಗಿತ್ತು. ಅರಣ್ಯ ಇಲಾಖೆಯವರು ಗುಡಿಸಲು ಕೆಡವಿ ನಮ್ಮನ್ನು ಲಾರಿ ಹತ್ತಿಸಿದ್ದನ್ನು ಬರೆಯಲೇ ಇಲ್ಲ. ಸ್ವಂತ ಇಷ್ಟದಿಂದ ಬಂದವರೆಂದು ಎಲ್ಲ ಅರ್ಜಿಗಳೂ ವಜಾ ಆದವು. ಇಷ್ಟು ವರ್ಷ ಅರ್ಜಿ ತಳ್ಳಿಹಾಕಿದ ಸಾಹೇಬರನ್ನೇ ಬೈಯುತ್ತಿದ್ದೆ.

ಸಂಜೆ ಪಕ್ಕದ ಮನೆಯ ಕುಳ್ಳಮ್ಮ ಬಂದಳು. ಅವಳ ಗಂಡನನ್ನು ಮಣ್ಣು ಮಾಡಿದ್ದು ಆ ಕಾಡಿನಲ್ಲೇ.

“ಇನ್ನೊಂದ್ ಅರ್ಜಿ ಆಕವ ಕಣಣ್ಣ. ನೀನೇ ಬರಿ. ನೀ ಬರುದ್ರೆ ನಂಗೆ ಧೈರ್ಯ” ಎಂದಳು.

ತಲೆಯಾಡಿಸಿ ಕಳಿಸಿಬಿಟ್ಟೆ. ನಾಳೆ ಮನೆಮನೆಗೂ ಹೋಗಿ ಹೇಳಬೇಕು, ಮೊದಲು ಅವಳಿಗೆ. ಕುಳ್ಳಮ್ಮ, ನಿನ್ನನ್ನು ಕಾಡಿನಿಂದ ಎರಡನೇ ಸಲ ಹೊರಗೆ ಹಾಕಿದವನು ನಾನೇ.