ಕೌಲೆಯ ಹಗ್ಗ

೧೪ ನವೆಂಬರ್ ೧೯೮೧

ಅಮ್ಮ,

‘ಮಾತೃಶ್ರೀ ಜಲಜಮ್ಮನವರಿಗೆ’ ಎಂದು ಶುರು ಮಾಡಿ ಹೊಡೆದುಹಾಕಿದೆ. ಅಷ್ಟು ಮರ್ಯಾದೆ ಕೊಟ್ಟರೆ ಮಗಳಿಗೆ ಏನೋ ಬೇಕಾಗಿದೆ ಎಂದು ನಿನಗೆ ಗೊತ್ತಾಗಿಬಿಡುತ್ತದೆ. ಬೇಕಾಗಿರುವುದು ನಿಜ. ನಿನ್ನ ಮಾತು ಮೀರಿ ಶ್ಯಾಮನನ್ನು ಮದುವೆಯಾದ ಮೇಲೆ ನಾನು ಬರೆದ ಯಾವ ಕಾಗದಕ್ಕೂ ನೀನು ಉತ್ತರ ಕೊಟ್ಟಿಲ್ಲ. ಇದಕ್ಕಾದರೂ ಕೊಡು. ಇದರಲ್ಲಿ ನಮ್ಮ ಜಗಳದ ವಿಷಯವಿಲ್ಲ, ನಮ್ಮ ಹಸು ಕೌಲೆಯ ವಿಷಯ ಇದೆ.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುತ್ತದೆಂದು ನಾವು ಗುಡ್ಡದಾಚೆಯ ಹೊಸ ಮನೆಗೆ ಬಂದ ವರ್ಷ ನೆನಪಿದೆಯಲ್ಲ. ಅಪ್ಪಯ್ಯ ಕೌಲೆಯನ್ನು ಎಳೆದು ತಂದು ಹೊಸ ಕೊಟ್ಟಿಗೆಯಲ್ಲಿ ಕಟ್ಟುವುದು, ಬಿಟ್ಟ ಕೂಡಲೇ ಅದು ಗುಡ್ಡ ಹತ್ತಿ ಹಳೇ ಕೊಟ್ಟಿಗೆಗೆ ಓಡುವುದು. ‘ಎಳುದ್ರೆ ಬರ್ತದಾ ಅದು? ಅದ್ಕೂ ಮನ್ಸು ಬ್ಯಾಡ್ವಾ?’ ಎಂದು ನೀನು ಅಪ್ಪಯ್ಯನ ಕೈಯಿಂದ ಹಗ್ಗ ಕಿತ್ತುಕೊಂಡೆ. ಹಳೇ ಮನೆಯ ಹತ್ತಿರವೇ ಗೂಟ ಹೊಡೆದು, ಉದ್ದ ಹಗ್ಗದಲ್ಲಿ ಮೇಯಲು ಬಿಟ್ಟೆ. ಮರುದಿನ ಗೂಟ ಸ್ವಲ್ಪ ಮೇಲೆ. ಹೀಗೇ ಗುಡ್ಡ ಹತ್ತಿಸಿ, ಈ ಕಡೆ ಇಳಿಸಿದೆ. ಆಮೇಲೆ ಹಗ್ಗ ಬಿಚ್ಚಿದರೂ ಅದು ವಾಪಸು ಹೋಗಲಿಲ್ಲ.

ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಏನು ಮಾಡುತ್ತೀಯ ಎಂದು ಹಿಂದೊಮ್ಮೆ ಕೇಳಿದ್ದೆಯಲ್ಲ, ಇದೇ ಕೆಲಸ. ನನ್ನ ಅಣುವಿಗೂ ಎರಡು ಕೊಟ್ಟಿಗೆ, ಅಂದರೆ ಕೂರುವ ಭಂಗಿ ಎರಡು, ನಡುವೆ ಒಂದು ಗುಡ್ಡ, ಅಂದರೆ ಒಂದರಿಂದ ಇನ್ನೊಂದಕ್ಕೆ ದಾಟಲು ಬೇಕಾಗುವ ಶಕ್ತಿ. ಆ ಗುಡ್ಡ ಎಷ್ಟು ಎತ್ತರ ಎಂದು ನಾನು ಕಂಡುಹಿಡಿಯಬೇಕು. ಅದರ ಪಾಡಿಗೆ ಬಿಟ್ಟರೆ, ಕಂಪ್ಯೂಟರಿನಲ್ಲಿ ನಮಗೆ ಸಿಗುವ ಹೊತ್ತೆಲ್ಲ ಮುಗಿದರೂ ಇದ್ದಲ್ಲೇ ಮಿಸುಕಾಡುತ್ತಿರುತ್ತದೆ. ಸೀದಾ ಎಳೆದರೆ ದಾಟುತ್ತದೆ, ಆದರೆ ಆಗ ಗುಡ್ಡದ ಬದಲು ನನ್ನ ಎಳೆತವನ್ನೇ ಅಳೆದ ಹಾಗಾಗುತ್ತದೆ. ಅದಕ್ಕೆ ನಾವೂ ಲೆಕ್ಕದಲ್ಲೇ ಗೂಟ ಹೊಡೆದು ಹಗ್ಗ ಕಟ್ಟುತ್ತೇವೆ. ಒಂದೊಂದು ಗೂಟದ ಸುತ್ತ ಅದು ಎಲ್ಲೆಲ್ಲಿ ಓಡಾಡಿತು ಎಂದು ನೋಡಿ, ಕೊನೆಗೆ ಹಗ್ಗದ ಜಗ್ಗಾಟವನ್ನು ಕಳೆದರೆ ಗುಡ್ಡದ ಆಕಾರ ಸಿಗುತ್ತದೆ.

ನಾನು ಆತುರಗೇಡಿ, ಗೂಟಗಳನ್ನು ದೂರ ದೂರ ಹೊಡೆದಿದ್ದೆ. ಗುಡ್ಡ ಎರಡು ತುಂಡಾಗಿ ಬಂತು, ಒಂದಕ್ಕೊಂದು ಸೇರಲೊಲ್ಲದು. ಮೇಷ್ಟ್ರು ಮುಕುಂದಯ್ಯನವರು ನೋಡಿ, ನಡುವೆ ಏನಿದೆಯಮ್ಮ ಎಂದು ಕೇಳಿದರು. ಆಗ ಕಣ್ಣ ಮುಂದೆ ಬಂದದ್ದು ನಿನ್ನ ಗುಡ್ಡ. ಕೌಲೆ ಮೇದ ದುಂಡು ಗುರುತುಗಳು, ಒಂದರ ಅಂಚು ಇನ್ನೊಂದರೊಳಗೆ. ನಾನೂ ಹಾಗೇ ಹೊಡೆದೆ. ಗುಡ್ಡ ಕೂಡಿಕೊಂಡಿತು.

ಈಗ ನನ್ನ ಪ್ರಶ್ನೆ. ಗುಡ್ಡದ ನೆತ್ತಿಯಲ್ಲಿ ಕಟ್ಟಿದ ದಿನ ಕೌಲೆ ಯಾವ ಕಡೆಗೆ ಹಗ್ಗ ಜಗ್ಗಿತು? ನನ್ನ ಅಣು ಅಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಜಗ್ಗುತ್ತದೆ. ಹಸುವಿಗೂ ಹಾಗಾಗುತ್ತದಾ? ನೋಡಿದವಳು ನೀನೊಬ್ಬಳೇ. ಜಗಳದ ವಿಷಯ ಬರೆಯುವುದಿಲ್ಲ ಎಂದೆನಲ್ಲ, ಬರೆಯುವುದಿಲ್ಲ. ನಿನ್ನನ್ನು ನೋಡದೆ ಇರುವುದು ಮಾತ್ರ ಇನ್ನು ನನ್ನಿಂದಾಗುವುದಿಲ್ಲ ಅಮ್ಮ.

ನಿನ್ನ ಆತುರಗೇಡಿ,
ವಾಗ್ದೇವಿ

ತಾ.ಕ.: ಮೇಲೆ ಬೇಕೆಂದೇ ಊರಿನ ಹೆಸರು ಬರೆದಿಲ್ಲ. ಇದು ಬೆಂಗಳೂರಲ್ಲ, ತೀರ್ಥಹಳ್ಳಿ. ಶ್ಯಾಮ ಇಲ್ಲಿನ ಕಾಲೇಜಿನಲ್ಲಿ ಕೆಲಸ ಹಿಡಿದಿದ್ದಾನೆ, ನಾನು ಇಲ್ಲೇ ಕೂತು ಥೀಸಿಸ್ ಬರೆಯುತ್ತಿದ್ದೇನೆ. ನೀನು ಇಲ್ಲಿಯವರೆಗೆ ಬರಬೇಡ, ನಾನೂ ಮನೆಯವರೆಗೆ ಬರುವುದಿಲ್ಲ. ಮುಂದಿನ ಸಂತೆಯ ದಿನ ನಡುದಾರಿಯ ಕೋಣಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಒಬ್ಬಳೇ ಬರುತ್ತೇನೆ. ಶ್ಯಾಮ ಮುಂದಿನ ಗೂಟಕ್ಕೆ.