ಮೂಲೆಯ ನಲ್ಲಿ ಕೀಳುವ ದಿನ

ತಮ್ಮಾ,

ಹತ್ತು ಗಂಟೆಗೆ ನೀರು ನಿಲ್ಲುತ್ತದೆ. ಎದ್ದ ಕೂಡಲೇ ಎರಡೂ ಡ್ರಮ್ ತುಂಬಿಸು, ಹೋದ ಸಲದ ಹಾಗೆ ಮುಸುಕು ಹೊದ್ದು ಮಲಗಬೇಡ.

ನಗರಸಭೆಯವರು ಹೊಸ ಪೈಪು ಹಾಕುವಾಗ ಮೂಲೆಯ ಬೀದಿನಲ್ಲಿಯನ್ನೂ ಕೀಳುತ್ತಾರಂತೆ. ಅಲ್ಲಿ ಕೊಡ ಇಟ್ಟುಕೊಂಡು ನಿಂತೇ ಅಮ್ಮ ನಮಗೆ ಮಗ್ಗಿ ಕಲಿಸಿದ್ದು. ಹದಿಮೂರರ ಮಗ್ಗಿಯಲ್ಲಿ ನೀನು ತಡವರಿಸಿದರೆ ನೀರಿಗೆ ನಿಂತ ಸಾಲಿಗೆ ಸಾಲೇ ಹೇಳಿಕೊಡುತ್ತಿತ್ತು, ನೆನಪಿದೆಯಾ?

ಕೊನೆಯದಾಗಿ ಅಲ್ಲಿ ಒಂದು ಚೊಂಬು ನೀರು ಹಿಡಿಯಬೇಕು ಅಂತ ಅಮ್ಮ ನಿನ್ನೆಯಿಂದ ಹೇಳುತ್ತಿದ್ದಾಳೆ. ಮಂಡಿನೋವಿನ ನೆಪ ಹೇಳಿ ತಡೆಯಬೇಡ, ಹತ್ತರೊಳಗೆ ಕೈಹಿಡಿದು ಕರೆದುಕೊಂಡು ಹೋಗು. ಕೆಲಸದ ಮೇಸ್ತ್ರಿಗೆ ಹೇಳಿದ್ದೇನೆ. "ಅಜ್ಜಿ ಬರೋವರೆಗೂ ನಲ್ಲಿಗೆ ಕೈ ಹಾಕಲ್ಲ ಅಕ್ಕ. ನಾನೂ ಅದರ ನೀರು ಕುಡಿದೇ ಬೆಳೆದೋನು" ಅಂದ.

ಅವನನ್ನು ಬಿಸಿಲಲ್ಲಿ ಕಾಯಿಸಬೇಡ.

ಅಕ್ಕ